ಮಾಜಿ ಕಮಾಂಡೋಗಳ ಆರೈಕೆ: ನರ್ಸ್‌ಗಳು ಏನು ಕೇಳಬೇಕು, ಹೇಗೆ ಕೇಳಬೇಕು

ವಿಶೇಷ ಪಡೆಯಲ್ಲಿದ್ದವರನ್ನು "ಹೇಗಿದ್ದೀರಿ?" ಎಂದು ಕೇಳಿದರೆ "ಆರಾಮಾಗಿದ್ದೀನಿ" ಅನ್ನುತ್ತಾರೆ, ಅಷ್ಟೇ. ನೋವು ಹೇಳಿಕೊಂಡರೆ ತಂಡದಿಂದ ಹೊರಗೆ ಹಾಕ್ತಾರೆ ಎಂದು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ದುಡಿದವರು ಅವರಲ್ಲಿ ಬಹಳ ಜನ, ನಿವೃತ್ತಿಯಾದ ತಕ್ಷಣ ಆ ಅಭ್ಯಾಸ ಹೋಗುವುದಿಲ್ಲ. ನೋವಿಗೆ ಹತ್ತಕ್ಕೆ ಎಷ್ಟು ಎಂದು ಕೇಳಿ ಬರೆದುಕೊಂಡರೆ ಸಾಲದು. ಮೆಟ್ಟಿಲು ಇಳಿಯುವಾಗ ಯಾವ ಮಂಡಿ ಹಿಡಿಯುತ್ತೆ, ಯಾವ ಮಗ್ಗುಲಲ್ಲಿ ಮಲಗಲು ಆಗಲ್ಲ, ಬಗ್ಗಿ ಶೂ ಕಟ್ಟಲು ಆಗುತ್ತಾ, ಹೀಗೆ ಕೇಳಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಸ್ಫೋಟದ ಪ್ರಶ್ನೆ. ಗಾಯ ಆಗಿತ್ತಾ ಎಂದಲ್ಲ, ಎಷ್ಟು ಸ್ಫೋಟಗಳ ಹತ್ತಿರ ಇದ್ರಿ ಎಂದು ಕೇಳಿ. ತರಬೇತಿಯಲ್ಲಿ ಬಾಗಿಲು ಒಡೆಯಲು ಇಟ್ಟ ಸ್ಫೋಟಕ, ಹೆಗಲ ಮೇಲಿಟ್ಟು ಹಾರಿಸಿದ ರಾಕೆಟ್ ಕೂಡ ಲೆಕ್ಕಕ್ಕೆ ಬರುತ್ತವೆ. ಪ್ರಜ್ಞೆ ತಪ್ಪದಿದ್ದರೂ ಒತ್ತಡದ ಅಲೆ ಮತ್ತೆ ಮತ್ತೆ ಬಡಿದರೆ ಮೆದುಳಿಗೆ ಪೆಟ್ಟಾಗಬಹುದು, ಎಂಆರ್‌ಐಯಲ್ಲಿ ಅದು ಕಾಣದೆಯೂ ಇರಬಹುದು. ತಲೆನೋವು, ಕಿವಿಯಲ್ಲಿ ಗುಂಯ್‌ ಸದ್ದು, ತಲೆಸುತ್ತು, ಮರೆವು, ಸಿಟ್ಟು ಒಟ್ಟಿಗೆ ಕಂಡರೆ ಸುಮ್ನೆ ಪಿಟಿಎಸ್‌ಡಿ (ಭಯಾನಕ ಘಟನೆಯ ನಂತರ ಉಳಿಯುವ ಮಾನಸಿಕ ತೊಂದರೆ) ಎಂದು ಬರೆದು ಮುಗಿಸಬೇಡಿ. 2020ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೂ ಮತ್ತು ಸಂಗಡಿಗರು ಇಂಥ ತೊಂದರೆಗಳ ಗುಂಪನ್ನು 'ಆಪರೇಟರ್ ಸಿಂಡ್ರೋಮ್' (ಆಪರೇಟರ್ ಅಂದರೆ ವಿಶೇಷ ಪಡೆಯ ಯೋಧ) ಎಂದು ಕರೆದರು. ನಿದ್ದೆಯ ತೊಂದರೆ, ಹಾರ್ಮೋನ್ ಏರುಪೇರು, ಕೀಲುನೋವು ಎಲ್ಲ ಅದರಲ್ಲಿ ಸೇರಿವೆ.

ಆಳು ಗಟ್ಟಿಮುಟ್ಟಾಗಿದ್ದಾರೆ, ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ) ಇರಲಾರದು ಎಂದುಕೊಳ್ಳಬೇಡಿ. ಗೊರಕೆ, ಮಧ್ಯೆ ಉಸಿರು ನಿಲ್ಲುವುದು ಪಕ್ಕದಲ್ಲಿ ಮಲಗುವವರಿಗೇ ಗೊತ್ತಿರುತ್ತೆ, ಅವರನ್ನು ಕೇಳಿ. ಆಪ್ನಿಯಾ ಇದ್ದು ಓಪಿಯಾಯ್ಡ್ (ಅಫೀಮಿನ ಜಾತಿಯ ನೋವು ನಿವಾರಕ) ಮಾತ್ರೆ, ನಿದ್ದೆ ಮಾತ್ರೆ, ಮದ್ಯ ಸೇರಿದರೆ ಜೀವಕ್ಕೇ ಅಪಾಯ. ಸುಸ್ತು ಜಾಸ್ತಿ ಇದ್ದರೆ ಟೆಸ್ಟೋಸ್ಟಿರಾನ್ (ಪುರುಷ ಹಾರ್ಮೋನ್) ಪರೀಕ್ಷೆ ಬೇಕಾ ಎಂದು ಡಾಕ್ಟರನ್ನು ಕೇಳಿ, ರಕ್ತ ಬೆಳಿಗ್ಗೆಯೇ ತೆಗೆಯಬೇಕು.

ವಾರ್ಡಿನಲ್ಲಿ ಬಾಗಿಲು ಕಾಣುವ ಹಾಸಿಗೆ ಕೊಡಿ. ನಿದ್ದೆಯಲ್ಲಿದ್ದಾಗ ಭುಜ ಮುಟ್ಟಿ ಎಬ್ಬಿಸಬೇಡಿ, ಕಾಲಿನ ಕಡೆ ನಿಂತು ಹೆಸರು ಹಿಡಿದು ಕರೆಯಿರಿ. ಕಾರ್ಯಾಚರಣೆಯ ಗುಟ್ಟು ಕೆದಕಬೇಡಿ, ದೇಹಕ್ಕೆ ಏನಾಯಿತು ಅನ್ನುವುದಷ್ಟೇ ನಮಗೆ ಬೇಕು ಅಲ್ವಾ.

ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡದೆ ಡಾಕ್ಟರಿಗೆ ಆಗಲೇ ತಿಳಿಸಿ. ಮನೆಯಲ್ಲಿ ಬಂದೂಕು ಇದೆಯಾ, ಬೀಗದ ಕೈ ಯಾರ ಹತ್ತಿರ ಇದೆ, ಅದನ್ನೂ ವಿಚಾರಿಸಿ ಬರೆದಿಡಿ.