ನರ್ಸಿಂಗ್ ಹೋಮ್‌ಗೆ ವಿಮೆ: ಪಾಲಿಸಿ ಒಂದು ಪಾಲು, ಕೇಸ್ ಶೀಟ್ ಮೂರು ಪಾಲು

ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವವರು ಕಟ್ಟಡಕ್ಕೆ, ಆಂಬುಲೆನ್ಸ್‌ಗೆ ವಿಮೆ ಮಾಡಿಸಿರುತ್ತಾರೆ. ‘ಚಿಕಿತ್ಸೆಯಲ್ಲಿ ತಪ್ಪಾಗಿದೆ’ ಅಂತ ನೋಟಿಸ್ ಬಂದರೆ ಅವು ಯಾವುದೂ ಕೆಲಸಕ್ಕೆ ಬರುವುದಿಲ್ಲ. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಒಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇದಕ್ಕೆ ಬೇಕಾದ್ದು ಇಂಡೆಮ್ನಿಟಿ ಪಾಲಿಸಿ, ಅಂದರೆ ಚಿಕಿತ್ಸೆಯ ತಪ್ಪಿಗೆ ಕೊಡಬೇಕಾದ ಪರಿಹಾರವನ್ನು ಭರಿಸುವ ವಿಮೆ.

ಮೊದಲು, ಪಾಲಿಸಿ ಯಾರ ಹೆಸರಲ್ಲಿದೆ ನೋಡಿ. ಡಾಕ್ಟರ ಸ್ವಂತ ಪಾಲಿಸಿ ಡಾಕ್ಟರಿಗೆ ಮಾತ್ರ. ನರ್ಸ್ ತಪ್ಪು ಇಂಜೆಕ್ಷನ್ ಕೊಟ್ಟರೆ ಉತ್ತರ ಹೇಳಬೇಕಾದವರು ಆಸ್ಪತ್ರೆಯವರೇ. ಹಾಗಾಗಿ ಆಸ್ಪತ್ರೆಯ ಹೆಸರಲ್ಲೇ ಬೇರೆ ಪಾಲಿಸಿ ಬೇಕು. ಶಿವಮೊಗ್ಗದಿಂದ ಬಂದು ಅರಿವಳಿಕೆ ಕೊಟ್ಟು ಹೋಗುವ ಡಾಕ್ಟರ ಪಾಲಿಸಿಯ ಪ್ರತಿಯನ್ನೂ ವರ್ಷಕ್ಕೊಮ್ಮೆ ಕೇಳಿ ಇಟ್ಟುಕೊಳ್ಳಿ. ಸಂಕೋಚ ಬೇಡ.

ಆಮೇಲೆ ಮೊತ್ತ. ಪಾಲಿಸಿಯಲ್ಲಿ ಎರಡು ಮಿತಿ ಇರುತ್ತವೆ, ಒಂದು ಪ್ರಕರಣಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು. ವರ್ಷಕ್ಕೆ ಒಂದು ಕೋಟಿ ಎಂದು ಏಜೆಂಟ್ ಹೇಳಿದರೂ ಒಂದು ಪ್ರಕರಣಕ್ಕೆ 25 ಲಕ್ಷವೇ ಇರಬಹುದು. ವಕೀಲರ ಖರ್ಚೂ ಸಾಮಾನ್ಯವಾಗಿ ಅದರೊಳಗೇ ಹೋಗುತ್ತದೆ.

ಜನ ಜಾಸ್ತಿ ಎಡವುವುದು ಮುಂದಿನದರಲ್ಲಿ. ಈ ಪಾಲಿಸಿಗಳಲ್ಲಿ ಆಪರೇಷನ್ ನಡೆದ ದಿನ ವಿಮೆ ಇದ್ದರಷ್ಟೇ ಸಾಲದು, ರೋಗಿ ಕಡೆಯಿಂದ ಕ್ಲೇಮ್ (ಪರಿಹಾರದ ಬೇಡಿಕೆ) ಬಂದ ದಿನವೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯವಿದೆ. 2023ರ ಮಳೆಗಾಲದ ಆಪರೇಷನ್‌ಗೆ 2025ರಲ್ಲಿ ನೋಟಿಸ್ ಬಂತು ಅಂದುಕೊಳ್ಳಿ. ನಡುವೆ ‘ಮುಂದಿನ ತಿಂಗಳು ಕಟ್ಟೋಣ’ ಅಂತ ನವೀಕರಣ ಬಿಟ್ಟಿದ್ದರೆ ಹಿಂದೆ ಕಟ್ಟಿದ ಪ್ರೀಮಿಯಂ ಎಲ್ಲ ನೀರಲ್ಲಿ ಹೋಮ. ಪ್ರೀಮಿಯಂ ಕಡಿಮೆ ಅಂತ ಕಂಪನಿ ಬದಲಿಸುವಾಗಲೂ, ಹಳೆಯ ಆಪರೇಷನ್‌ಗಳೂ ಒಳಗೆ ಬರುವಂತೆ, ಮೊದಲ ಪಾಲಿಸಿ ಶುರುವಾದ ದಿನಾಂಕವನ್ನೇ ಹೊಸದರಲ್ಲೂ ಬರೆಸಿಕೊಳ್ಳಿ.

ಕುಡಿದು ಚಿಕಿತ್ಸೆ ಕೊಟ್ಟರೆ, ಕೋರ್ಟ್ ದಂಡ ಹಾಕಿದರೆ ಕಂಪನಿ ಕೊಡುವುದಿಲ್ಲ. ಅದು ಸರಿಯೇ ಅಲ್ವಾ?

ಇನ್ನು ಕೇಸ್ ಶೀಟ್, ಅಂದರೆ ರೋಗಿಯ ಚಿಕಿತ್ಸೆಯ ದಾಖಲೆ. ಇಲ್ಲಿ ಸೋತರೆ ಯಾವ ಪಾಲಿಸಿಯೂ ಮಾನ ಉಳಿಸುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಯಾವ ಆಪರೇಷನ್‌ಗೆ ಅಂತ ಬರೆದಿರಲಿ. ಲ್ಯಾಪರೋಸ್ಕೋಪಿ ಪರೀಕ್ಷೆಗೆ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದಕ್ಕೆ) ಪಡೆದ ಒಪ್ಪಿಗೆಯಲ್ಲಿ ಗರ್ಭಕೋಶ ತೆಗೆದದ್ದನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಲಿಲ್ಲ.

ನಮ್ಮ ಕಡೆಯ ಮಾತೇ ತೆಗೆದುಕೊಳ್ಳಿ. ತೋಟದಲ್ಲಿ ಹಾವು ಕಚ್ಚಿದವರು ಬರುತ್ತಾರೆ. ಆ್ಯಂಟಿವೆನಮ್ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆ. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಔಷಧಿಯಿಂದಲೇ ಅಲರ್ಜಿಯೂ ಆಗಬಹುದು. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಹೇಳಿದ್ದನ್ನು ಗಂಟೆ ಸಮೇತ ಬರೆಯಿರಿ. ಮಣಿಪಾಲಕ್ಕೆ ಕಳಿಸುವಾಗಲೂ ಅಷ್ಟೇ. ಎಷ್ಟು ಗಂಟೆಗೆ ಹೊರಡಿ ಅಂದಿರಿ, ಬಿ.ಪಿ. ಎಷ್ಟಿತ್ತು, ಅಲ್ಲಿ ಯಾರಿಗೆ ಫೋನ್ ಮಾಡಿದಿರಿ, ಮನೆಯವರು ಎಷ್ಟು ಹೊತ್ತು ಯೋಚಿಸಿದರು? ಆಗುಂಬೆ ಘಾಟಿಯಲ್ಲಿ ಮರ ಬಿದ್ದು ತಡವಾದರೆ, ನಿಮ್ಮಲ್ಲಿ ತಡವಾಗಿಲ್ಲ ಎಂದು ತೋರಿಸಲು ಇರುವುದು ಇದನ್ನೆಲ್ಲ ಬರೆದಿಟ್ಟ ಚೀಟಿಯೊಂದೇ.

ರೋಗಿ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ಕಾಪಾಡಬೇಕು. ತಪ್ಪು ಬರೆದಿದ್ದರೆ ಒಂದು ಗೆರೆ ಎಳೆದು ಸಹಿ ಹಾಕಿ. ವೈಟ್ನರ್ ಮಾತ್ರ ಬೇಡವೇ ಬೇಡ, ಅದನ್ನು ಕಂಡ ಮೇಲೆ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ.

ನೋಟಿಸ್ ಬಂದ ದಿನವೇ ಕಂಪನಿಗೆ ಬರೆದು ತಿಳಿಸಿ. ಅವರನ್ನು ಕೇಳದೆ ರಾಜಿ ದುಡ್ಡು ಕೊಟ್ಟರೆ ಕಂಪನಿ ನಿಮ್ಮ ಕ್ಲೇಮ್ ತಿರಸ್ಕರಿಸಬಹುದು. ಹಾಗಂತ ಮನೆಯವರ ಕಣ್ಣಿಗೇ ಬೀಳದೆ ಹಿಂಬಾಗಿಲಿಂದ ಹೋಗಬೇಡಿ. ಕೂತು ಏನಾಯಿತು ಅಂತ ಹೇಳಿ. ಎಷ್ಟೋ ಕೇಸುಗಳು ಹುಟ್ಟುವುದೇ ಡಾಕ್ಟರು ಮಾತಾಡಲಿಲ್ಲ ಎಂಬ ಸಿಟ್ಟಿನಿಂದ ಅಂತ ನನಗನ್ನಿಸುತ್ತದೆ. ಆಯೋಗಕ್ಕೆ ಉತ್ತರ ಕೊಡಲು 30 ದಿನ, ಕೇಳಿಕೊಂಡರೆ ಇನ್ನು 15 ದಿನ, ಅದರ ಮೇಲೆ ಒಂದು ದಿನವೂ ಇಲ್ಲ. ವಕೀಲರಿಗೆ ಜೆರಾಕ್ಸ್ ಕೊಡಿ. ಮೂಲ ಕೇಸ್ ಶೀಟ್ ಬೀರುವಿನಲ್ಲಿರಲಿ, ಬೀಗದ ಕೈ ಒಬ್ಬರ ಹತ್ತಿರವೇ ಇರಲಿ.