3 ತಿಂಗಳು ಎಂಎಂಎ ಗ್ಲೌಸ್ ಕೊಡಲ್ಲ ಅಂದಾಗ ನಕ್ಕವ್ರಿಗೆ

ನಾನು ಎಂಎಂಎ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಆಟ) ಕಲಿಸೋನು. ಹೊಸಬ್ರಿಗೆ ಮೊದಲ 3 ತಿಂಗಳು ಬೆರಳು ತೆರೆದಿರೋ ತೆಳು ಎಂಎಂಎ ಗ್ಲೌಸ್ ಮುಟ್ಟಕ್ಕೂ ಬಿಡಲ್ಲ, ಹೆಡ್‌ಗೇರ್ ಅಂತೂ ಕಟ್ಟಕಡೆಗೆ ಅಂದಾಗ ಜೊತೆಗಿದ್ದ ಕೋಚ್‌ಗಳೇ ನಕ್ಕಿದ್ರು. ಕೇಜಲ್ಲಿ, ಅಂದ್ರೆ ಸುತ್ತ ಜಾಲರಿ ಇರೋ ರಿಂಗಲ್ಲಿ, ಆಡೋ ಕನಸು ಕಟ್ಕೊಂಡು ಬಂದವನ ಕೈಗೆ ಬಾಕ್ಸಿಂಗ್ ಗ್ಲೌಸ್ ಕೊಟ್ರೆ ಮಾರನೇ ದಿನ ಬರ್ತಾನಾ ಅಂತ. ಬಂದ್ರು ಸ್ವಾಮಿ. ಹೋದ ಬ್ಯಾಚಲ್ಲಿ 14-15 ಜನ ಇದ್ರು, 6 ತಿಂಗಳಲ್ಲಿ ಒಬ್ರೂ ಬೆರಳು ಮುರ್ಕೊಳ್ಳಲಿಲ್ಲ, ಬಿಟ್ಟು ಹೋದವ್ರು ಇಬ್ರೇ, ಅದ್ರಲ್ಲೂ ಒಬ್ನಿಗೆ ಶಿಫ್ಟ್ ಬದಲಾಯ್ತು ಅಷ್ಟೆ.

ಇಲ್ಲಿಗೆ ಬರೋಕೆ ಮುಂಚೆ ಕಳ್ಕೊಂಡ ದುಡ್ಡು ಕಮ್ಮಿ ಇಲ್ಲ. ಮೊದಲ ಬ್ಯಾಚಿಗೆ ಗ್ಲೌಸ್, ಶಿನ್ ಗಾರ್ಡ್ (ಮೊಳಕಾಲ ಕೆಳಗಿನ ಮುಂಭಾಗದ ಮೂಳೆ ಕಾಯೋದು), ಹೆಡ್‌ಗೇರ್ ಎಲ್ಲಾ ಒಂದೇ ಬ್ಯಾಗಲ್ಲಿ ಬರೋ ಕಾಂಬೋ ಸೆಟ್ ತರಿಸ್ದೆ, ಅರ್ಧಕ್ಕರ್ಧ ಉಳೀತು ಅಂತ ಖುಷಿ ಬೇರೆ. ಎರಡೇ ತಿಂಗಳಿಗೆ ಗ್ಲೌಸ್ ಕಲ್ಲಾಯ್ತು. ಒಂದನ್ನ ಬ್ಲೇಡ್ ಹಾಕಿ ಸೀಳಿ ನೋಡ್ದೆ: ಮೇಲೆ ಪಾತ್ರೆ ಉಜ್ಜೋ ಸ್ಪಂಜಿನಂಥದ್ದು, ಕೆಳಗೆ ಗಟ್ಟಿ ಫೋಮ್ ಒಂದೇ ಪದರ, ಅದೂ ಗೆಣ್ಣು ಕೂರೋ ಜಾಗದಲ್ಲಿ ಸರಿಯಾಗಿ ಎರಡು ಹೋಳು. ಒಂದೂವರೆ ವರ್ಷದಲ್ಲಿ ಮತ್ತೆ ಮತ್ತೆ ಕೊಂಡಿದ್ದು ಲೆಕ್ಕ ಹಾಕಿದ್ರೆ ಒಳ್ಳೇ ಸೆಟ್ಟಿಗೆ ಆಗೋದ್ರ ಹತ್ತತ್ರ ಎರಡು ಪಟ್ಟು.

ಆಮೇಲೆ ಒಂದು ರೂಲ್ ಮಾಡ್ದೆ, ದುಡ್ಡು ಮೊದಲು ಎದುರಿಗಿರೋನ ಮುಖ ಉಳಿಸೋಕೆ, ಆಮೇಲೆ ಮಿಕ್ಕಿದ್ದು. ಸ್ಪಾರಿಂಗಿಗೆ, ಅಂದ್ರೆ ಎದುರುಬದುರು ನಿಂತು ಹೊಡೆದಾಡೋ ಪ್ರಾಕ್ಟೀಸಿಗೆ, 16 ಔನ್ಸ್ ತೂಕದ ಗ್ಲೌಸ್, ತೀರಾ ಸಣ್ಣ ಮೈಯವ್ರಿಗೆ 14, ಪಂಚಿಂಗ್ ಬ್ಯಾಗ್ ಹೊಡೆಯಕ್ಕೆ ಬೇರೆ ಜೊತೆ, 10 ಅಥವಾ 12. ಒಂದೇ ಜೊತೆ ಸಾಕು ಅನ್ನೋರು ತುಂಬ ಜನ, ಆದ್ರೆ ಬ್ಯಾಗು ಆ ಪ್ಯಾಡಿಂಗನ್ನ ತಿಂದು ಹಾಕಿರುತ್ತೆ, ಅದ್ರ ಬಿಲ್ಲು ಕಟ್ಟೋದು ಪಾರ್ಟ್‌ನರ್ ಮೂಗು. ಕೊಳ್ಳುವಾಗ ಗ್ಲೌಸ್ ಒಳಗೆ ಕೈ ಹಾಕಿ ಇನ್ನೊಂದು ಕೈ ಹೆಬ್ಬೆರಳಲ್ಲಿ ಗೆಣ್ಣಿನ ಮೇಲೆ ಒತ್ತಿ, ಒಳಗಿರೋ ಮೂಳೆಗೆ ಹೆಬ್ಬೆರಳು ತಾಗಿದಂಗಾದ್ರೆ ಅಲ್ಲೇ ಇಟ್ಟು ಬನ್ನಿ. 3 ತಿಂಗಳಾದ್ಮೇಲೆ 7 ಔನ್ಸಿನ ಎಂಎಂಎ ಸ್ಪಾರಿಂಗ್ ಗ್ಲೌಸ್, ಅದೂ ಲೈಟ್ ರೌಂಡಿಗೆ. ಪ್ರೊ ಫೈಟಲ್ಲಿ ಹಾಕೋ 4 ಔನ್ಸಿಂದು ನಮ್ಮಲ್ಲಿ ಕೈಲಿ ಹಿಡಿಯೋ ಪ್ಯಾಡ್ ಹೊಡೆಯಕ್ಕೆ ಮಾತ್ರ.

ಶಿನ್ ಗಾರ್ಡ್ ವಿಷಯದಲ್ಲಿ ಎರಡು ಸಲ ಏಟು ತಿಂದಿದೀನಿ. ಪಟ್ಟಿ ಇರೋ ದಪ್ಪಂದು ಕಿಕ್ಕಿಗೆ ಚೆನ್ನಾಗಿತ್ತು, ಟೇಕ್‌ಡೌನ್ (ಎದುರಿಗಿರೋನ ಹಿಡಿದು ನೆಲಕ್ಕೆ ಕೆಡವೋದು) ಶುರುವಾಗಿದ್ದೇ ತಡ ತಿರುಗಿ ಮೀನಖಂಡಕ್ಕೆ ಹೋಗೋದು, ವೆಲ್ಕ್ರೋ ಕೆರೆದು ಪಾರ್ಟ್‌ನರ್ ತೊಡೆ ಕೆಂಪಗಾಗೋದು. ಬೇಡ ಅಂತ ಎಲ್ರಿಗೂ ಸಾಕ್ಸ್ ಥರ ಎಳ್ಕೊಳ್ಳೋದು ತಂದೆ, ನೆಲದ ಮೇಲೆ ಅಲ್ಲಾಡ್ಲಿಲ್ಲ, ಆದ್ರೆ ಮೊಳಕಾಲ ಕೆಳಗಿನ ಮೂಳೆಗೆ ಮೂಳೆ ತಾಗಿ ಒಬ್ಬ ಎರಡು ವಾರ ಕುಂಟ್ದ. ಈಗ ಎರಡೂ ಇದೆ, ಕ್ಲಾಸ್ ನೋಡಿ ಹಾಕಿಸ್ತೀನಿ. ಪಟ್ಟಿಯದ್ದು ತಿರುಗದಂಗೆ ಮಾಡೋಕೆ ಒಂದು ಉಪಾಯ ಕಂಡ್ಕೊಂಡಿದೀನಿ, ಅದು ನನ್ನ ಹತ್ರಾನೇ ಇರ್ಲಿ ಬಿಡಿ.

ಹೆಡ್‌ಗೇರಿಗೇ ಜಾಸ್ತಿ ಜಗಳ ಆಗಿದ್ದು. ಹುಬ್ಬು ಸೀಳೋದು, ಕಿವಿ ಉಜ್ಜೋದು ತಪ್ಪುತ್ತೆ, ಒಪ್ತೀನಿ. ಒಳಗೆ ಮಿದುಳು ಅಲ್ಲಾಡೋದನ್ನ ಅದು ನಿಲ್ಸಲ್ಲ, ಪಕ್ಕದಿಂದ ಬರೋ ಹುಕ್ ಗುದ್ದು ಕಾಣ್ಸಲ್ಲ, ಮೇಲಾಗಿ ಹಾಕ್ಕೊಂಡವನಿಗೆ ಎಲ್ಲಿಲ್ಲದ ಧೈರ್ಯ ಬಂದು ಮುಖ ಕೊಟ್ಟು ನಿಂತ್ಬಿಡ್ತಾನೆ. ಅಮೆಚೂರ್ ಬಾಕ್ಸಿಂಗಲ್ಲೇ ಗಂಡಸರಿಗೆ 2013ರಲ್ಲಿ ತೆಗೆದ್ರು, 2016ರ ರಿಯೋ ಒಲಿಂಪಿಕ್ಸಲ್ಲಿ ಬರೀ ತಲೆಲೇ ಆಡಿದ್ರು, ಅದನ್ನ ಹೇಳಿದ್ಮೇಲೇ ನಮ್ಮೋರು ಸುಮ್ಮನಾಗಿದ್ದು. ಆ ದುಡ್ಡನ್ನ ಮ್ಯಾಟಿಗೆ ಹಾಕ್ದೆ. 20 ಎಂಎಂ ಪಜಲ್ ಮ್ಯಾಟ್ ಮೇಲೆ ಟೇಕ್‌ಡೌನ್ ಕಲಿಸೋದು ಬರೀ ನೆಲಕ್ಕೆ ಎತ್ತಿ ಒಗೆದಂಗೆ, ಈಗ 40 ಎಂಎಂ ಇದೆ, ಖರ್ಚಲ್ಲಿ ಇದೇ ದೊಡ್ಡ ಪಾಲು.

ಮೌತ್‌ಗಾರ್ಡ್ ಇಲ್ದೆ ಮ್ಯಾಟ್ ಹತ್ತೋ ಹಾಗಿಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚೋದು ಸಾಕು, ನನ್ನ ಮೊದಲನೇದನ್ನ ಕುದಿಯೋ ನೀರಲ್ಲಿ ಮರೆತು ಚ್ಯೂಯಿಂಗ್ ಗಮ್ ಮಾಡ್ಕೊಂಡಿದ್ದೆ. ಬಾಯಿ ತೆಗೆದ್ರೂ ಮೇಲಿನ ಹಲ್ಲಿಗೆ ಅಂಟ್ಕೊಂಡಿರಬೇಕು. ಗ್ರಾಯಿನ್ ಕಪ್ (ತೊಡೆಸಂದು ಕಾಯೋ ಗಟ್ಟಿ ಕವಚ) ಬಿಗಿಯಾದ ಕಂಪ್ರೆಷನ್ ಶಾರ್ಟ್ಸಲ್ಲೇ ಇರ್ಲಿ, ಸಡಿಲ ಚಡ್ಡಿಲಿ ಜಾರಿದ ಕಪ್ಪಿನ ಅಂಚಿಗೆ ಏಟು ಬಿದ್ದವನನ್ನ ನೋಡಿದೀನಿ, ಅದಕ್ಕಿಂತ ಕಪ್ಪೇ ಇಲ್ದಿದ್ರೆ ವಾಸಿ ಇತ್ತು.

ವಾಸನೆ ಮೇಲೂ ಒಂದಷ್ಟು ಪ್ರಯೋಗ ಆಯ್ತು. ಯಾರೋ ಹೇಳಿದ್ರು ಅಂತ ಗ್ಲೌಸನ್ನ ರಾತ್ರಿಯೆಲ್ಲಾ ಫ್ರೀಜರಲ್ಲಿಟ್ಟೆ, ಬೆಳಿಗ್ಗೆ ಅದೇ ವಾಸನೆ ತಣ್ಣಗೆ ಬಂತು, ಮನೇಲಿ ಬೈಸ್ಕೊಂಡಿದ್ದೇ ಲಾಭ. ಹಳೇ ಪೇಪರ್ ತುರುಕಿ ಫ್ಯಾನ್ ಮುಂದೆ ಇಡೋದೇ ಸರಿಹೋಯ್ತು. ಒಂದು ಬ್ಯಾಚಲ್ಲಿ ಮೂವರಿಗೆ ಹುಳುಕಡ್ಡಿ ಆದ್ಮೇಲೆ ಕ್ಲಬ್ಬಿನ ಹ್ಯಾಂಡ್‌ರ‍್ಯಾಪ್ (ಗ್ಲೌಸ್ ಒಳಗೆ ಕೈಗೆ ಸುತ್ತೋ ಪಟ್ಟಿ) ಹಂಚೋದು ಪೂರ್ತಿ ನಿಲ್ಲಿಸ್ದೆ. ಅವರವರದ್ದು ಎರಡೆರಡು ಜೊತೆ, 4.5 ಮೀಟರಿಂದು, ಒಂದು ಒಣಗೋವಾಗ ಇನ್ನೊಂದು ಕೈಮೇಲೆ. ಒಗೀದೆ ತಂದವ್ರು ಅವತ್ತು ಸ್ಕಿಪ್ಪಿಂಗ್ ಆಡ್ಕೊಂಡು ಮನೆಗೆ ಹೋಗ್ತಾರೆ.