ಒಂದನೇ ತರಗತಿಗೆ ಮಗುವನ್ನು ಸೇರಿಸುವಾಗ: ಶಾಲೆ ನೋಡುವುದು, ಹೆಸರು ಬರೆಸುವುದು

ಶಾಲೆ ಹುಡುಕುವ ಮೊದಲು ಮಗುವಿನ ವಯಸ್ಸಿನ ಲೆಕ್ಕ ಹಾಕಿ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. ಜೂನ್ 2ರಂದು ಹುಟ್ಟಿದ ಮಗು ಒಂದೇ ದಿನದ ಅಂತರದಲ್ಲಿ ಮುಂದಿನ ವರ್ಷಕ್ಕೆ ಹೋಗುತ್ತದೆ. 2025-26ನೇ ಸಾಲಿಗೆ ಸರ್ಕಾರ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತ್ತು. ಅದನ್ನೇ ನಂಬಿ ಕೂರಬೇಡಿ. ಆಯಾ ಸಾಲಿನ ಆದೇಶ ಏನೆಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ. ಈ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಎಲ್‌ಕೆಜಿಯಲ್ಲೇ. ಮೂರೂವರೆ ವರ್ಷಕ್ಕೇ ಎಲ್‌ಕೆಜಿಗೆ ಕೂರಿಸಿದರೆ ಯುಕೆಜಿ ಮುಗಿಯುವಾಗ ಮಗುವಿಗೆ ಐದೂವರೆ. ಆಮೇಲೆ ಯುಕೆಜಿಯನ್ನೇ ಇನ್ನೊಮ್ಮೆ ಓದಿಸಬೇಕು, ಫೀಸನ್ನೂ ಇನ್ನೊಮ್ಮೆ ಕಟ್ಟಬೇಕು.

ಇನ್ನು ದೂರ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿಗೆ ನೆರೆಹೊರೆ ಎಂದರೆ 1 ಕಿಲೋಮೀಟರ್. ಮೊದಲು ಆ ದೂರದೊಳಗಿನ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳನ್ನೆಲ್ಲ ಪಟ್ಟಿ ಮಾಡಿ, ಆಮೇಲೆ ದೂರದ್ದನ್ನು ನೋಡಿ. ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತುವ ಆರು ವರ್ಷದ ಮಗು ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತದೆ. ಎಷ್ಟೇ ಒಳ್ಳೆಯ ಶಾಲೆಯಾದರೂ ಈ ನಷ್ಟ ತುಂಬುವುದು ಕಷ್ಟ.

ಇದೇ ಕಾಯ್ದೆಯಡಿ (ಆರ್‌ಟಿಇ) ಬಡ, ಹಿಂದುಳಿದ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಉಚಿತವಾಗಿ ಸಿಗುವ ಶೇ 25ರ ಸೀಟಿನ ಮೇಲೆ ತುಂಬ ಆಸೆ ಇಟ್ಟುಕೊಳ್ಳಬೇಡಿ. ರಾಜ್ಯದ ನಿಯಮಕ್ಕೆ 2019ರಲ್ಲಿ ಆದ ತಿದ್ದುಪಡಿಯ ನಂತರ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಯಲ್ಲಿ ಈ ಸೀಟು ಸಿಗುವುದಿಲ್ಲ. ಇಂಗ್ಲಿಷ್ ಮಾಧ್ಯಮವೇ ಬೇಕು ಎನ್ನುವವರು ಹತ್ತಿರದ ಸರ್ಕಾರಿ ಶಾಲೆಯಲ್ಲೂ ಒಮ್ಮೆ ವಿಚಾರಿಸಿ. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಬಹುದು.

ಖಾಸಗಿ ಶಾಲೆಯಾದರೆ ಬಣ್ಣದ ಕರಪತ್ರ ಬದಿಗಿಟ್ಟು ಯುಡೈಸ್ ಸಂಖ್ಯೆ, ಅಂದರೆ ದೇಶದ ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ ಕೇಳಿ. ಅದು 11 ಅಂಕಿಯದ್ದು. ಕರ್ನಾಟಕದ ಶಾಲೆಯಾದರೆ 29ರಿಂದ ಶುರುವಾಗುತ್ತದೆ. ಯುಡೈಸ್ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಶಾಲೆಯಲ್ಲಿ ಯಾವ ತರಗತಿಯವರೆಗೆ ಇದೆ, ಶಿಕ್ಷಕರು ಎಷ್ಟು ಎಂಬುದು ಕಾಣುತ್ತದೆ. ಜೊತೆಗೆ ಮಾನ್ಯತೆ ಪತ್ರವನ್ನೂ ತೋರಿಸಲು ಹೇಳಿ, ಅದರಲ್ಲಿ ಎರಡು ಸಂಗತಿ ಓದಿ: ಮಾನ್ಯತೆಯ ಅವಧಿ ಮುಗಿದಿಲ್ಲವೇ, ಯಾವ ತರಗತಿಯಿಂದ ಯಾವ ತರಗತಿಯವರೆಗೆ ಅನುಮತಿ ಇದೆ. ಐದರವರೆಗೆ ಮಾತ್ರ ಅನುಮತಿ ಪಡೆದು ಆರು, ಏಳು ನಡೆಸುವ ಶಾಲೆಗಳು ಮಕ್ಕಳ ಹೆಸರನ್ನು ಇನ್ನೊಂದು ಶಾಲೆಯ ಹಾಜರಿಯಲ್ಲಿ ತೋರಿಸುವುದುಂಟು. ಓದಿದ್ದು ಒಂದು ಕಡೆ, ಟಿಸಿ ಬರುವುದು ಇನ್ನೊಂದು ಕಡೆಯಿಂದ. ಸಿಬಿಎಸ್‌ಇ ಎಂದು ಬೋರ್ಡ್ ಹಾಕಿದ್ದರೆ ಅಫಿಲಿಯೇಷನ್ ಸಂಖ್ಯೆ ಕೇಳಿ, ಸಿಬಿಎಸ್‌ಇ ಜಾಲತಾಣದಲ್ಲಿ ಹುಡುಕಿ. ‘ಅರ್ಜಿ ಹಾಕಿದ್ದೇವೆ, ಬರುತ್ತದೆ’ ಎಂಬ ಉತ್ತರ ಬಂದರೆ ಸದ್ಯ ಇಲ್ಲ ಎಂದೇ ಅರ್ಥ.

ಶಾಲೆ ನೋಡಲು ಹೋಗುವವರು ಕಚೇರಿಯ ಸೋಫಾದಲ್ಲಿ ಕೂತು ಬರಬಾರದು. ಮೂರನೇ ತರಗತಿಯ ನಾಲ್ಕೈದು ಮಕ್ಕಳ ಕನ್ನಡ ನೋಟ್‌ಬುಕ್ ಕೇಳಿ ತೆಗೆದುಕೊಳ್ಳಿ. ಎಲ್ಲದರಲ್ಲೂ ಒಂದೇ ವಾಕ್ಯ, ಒಂದೂ ತಪ್ಪಿಲ್ಲದೆ ಇದ್ದರೆ ಅದು ಬೋರ್ಡ್ ನೋಡಿ ಇಳಿಸಿಕೊಂಡ ಬರಹ. ಒಂದರಲ್ಲಿ ಒತ್ತಕ್ಷರ ಬಿಟ್ಟುಹೋಗಿ, ಇನ್ನೊಂದರಲ್ಲಿ ‘ಹ’ ಇರುವಲ್ಲಿ ‘ಅ’ ಬಂದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿದ್ದು, ಕೆಳಗೆ ಮಗು ಅದನ್ನೇ ಮತ್ತೆ ಸರಿಯಾಗಿ ಬರೆದದ್ದು ಕಂಡರೆ ಅಲ್ಲಿ ಪಾಠ ನಡೆಯುತ್ತಿದೆ. ತಪ್ಪಿರುವ ಪುಸ್ತಕವೇ ಒಳ್ಳೆಯ ಲಕ್ಷಣ. ಕೊನೆಯ ಪುಟದ ದಿನಾಂಕ, ಶಿಕ್ಷಕರ ಸಹಿ ಎಷ್ಟು ಹಳೆಯದು ಎಂಬುದನ್ನೂ ನೋಡಿ. ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ. ಚಿಲಕ ಮಗುವಿನ ಕೈಗೆ ಎಟಕುತ್ತದೆಯೇ? ಹಲವು ಕಡೆ ಎಟಕುವುದಿಲ್ಲ, ಮಕ್ಕಳು ಮನೆಗೆ ಬರುವವರೆಗೂ ತಡೆದುಕೊಳ್ಳುತ್ತಾರೆ.

ಸರ್ಕಾರಿ ಶಾಲೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತಿದ್ದರೆ ಶಿಕ್ಷಕರಿಲ್ಲ ಎಂದು ಗಾಬರಿಯಾಗಬೇಡಿ. ಅದು ನಲಿ-ಕಲಿ ಪದ್ಧತಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಗಾಬರಿಯಾಗಬೇಕಾದದ್ದು ಶಿಕ್ಷಕರ ಎಣಿಕೆ ಕಡಿಮೆಯಾದಾಗ: ಕಾಯ್ದೆ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರು ಇರಬೇಕು.

ಫೀಸು ಕೇಳುವಾಗ ‘ಎಷ್ಟು’ ಎನ್ನಬೇಡಿ, ‘ವರ್ಷಕ್ಕೆ ಒಟ್ಟು ಎಷ್ಟು, ಪಟ್ಟಿ ಕೊಡಿ’ ಎನ್ನಿ. ಪುಸ್ತಕ, ಸಮವಸ್ತ್ರ, ಶೂ, ವ್ಯಾನ್ ಎಲ್ಲ ಅದರಲ್ಲಿರಲಿ. ಡೊನೇಷನ್ ಕೇಳುವುದು, ಮಗುವಿಗೆ ಅಥವಾ ತಂದೆತಾಯಿಗೆ ಸಂದರ್ಶನ, ಪರೀಕ್ಷೆ ಇಡುವುದು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಪರಾಧ. ಪರೀಕ್ಷೆ ಇಟ್ಟ ಶಾಲೆಗೆ ಮೊದಲ ಸಲ 25,000 ರೂಪಾಯಿವರೆಗೆ ದಂಡವಿದೆ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಏಕೆಂದರೆ ದೂರು ನಿಲ್ಲುವುದು ರಸೀದಿಯ ಮೇಲೆ.

ಕಾಗದಪತ್ರಗಳಲ್ಲಿ ಮೊದಲನೆಯದು ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನ್ಮದಿನಾಂಕದ ದಾಖಲೆ ಎಂದರೆ ಇದೊಂದೇ. ಆಸ್ಪತ್ರೆಯಿಂದ ಬಂದ ಪ್ರಮಾಣಪತ್ರದಲ್ಲಿ ಹಲವು ಸಲ ಮಗುವಿನ ಹೆಸರೇ ಇರುವುದಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ ತಡ ಶುಲ್ಕ ಕಟ್ಟಬೇಕು. ಇದನ್ನು ಮೇ ತಿಂಗಳ ಕೊನೆಗೆ ಇಟ್ಟುಕೊಂಡರೆ ಶಾಲೆ ಶುರುವಾಗುವ ಗಡಿಬಿಡಿಯಲ್ಲಿ ಸಿಕ್ಕಿಬೀಳುತ್ತೀರಿ. ಜೊತೆಗೆ ಮಗುವಿನ ಮತ್ತು ತಂದೆತಾಯಿಯ ಆಧಾರ್ ಪ್ರತಿ, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಅಳತೆಯ ನಾಲ್ಕಾರು ಫೋಟೊ. ಆಧಾರ್ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ; 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ದಾಖಲಾತಿ ವಹಿಯಲ್ಲಿ ಹೆಸರು ಬರೆಯುವ ಆ ಐದು ನಿಮಿಷಕ್ಕೆ. ನಮ್ಮಲ್ಲಿ ಇನಿಷಿಯಲ್ ಕೊಡುವ ತಲೆನೋವು ದೊಡ್ಡದು. ಜನನ ಪ್ರಮಾಣಪತ್ರದಲ್ಲಿ ಬರೀ ‘ಲಕ್ಷ್ಮಿ’, ಆಧಾರ್‌ನಲ್ಲಿ ‘ಲಕ್ಷ್ಮಿ ಮಂಜುನಾಥ’, ಶಾಲೆಯಲ್ಲಿ ಗುಮಾಸ್ತರು ಬರೆದದ್ದು ‘ಎಂ. ಲಕ್ಷ್ಮಿ’. ಇಂಗ್ಲಿಷ್‌ನಲ್ಲಿ ಒಂದು ಕಡೆ ಎಕ್ಸ್ ಹಾಕಿ, ಇನ್ನೊಂದು ಕಡೆ ಕೆ, ಎಸ್, ಎಚ್ ಹಾಕಿ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮಕ್ಕಳು. ಮುಂದೆ ಅಪಾರ್ ಐಡಿ (ವಿದ್ಯಾರ್ಥಿಯ ರಾಷ್ಟ್ರೀಯ ಗುರುತಿನ ಸಂಖ್ಯೆ) ಆಗುವುದಿಲ್ಲ, ವಿದ್ಯಾರ್ಥಿವೇತನ ಖಾತೆಗೆ ಬರುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ಇರುವುದೇ ಆಧಾರವಾಗಲಿ. ಆಧಾರ್ ಬೇರೆಯಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಶಾಲೆಗೆ ಹೋಗಿ. ಒಂದು ಹಾಳೆಯ ಮೇಲೆ ಮಗುವಿನ, ತಂದೆಯ, ತಾಯಿಯ ಹೆಸರು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ದೊಡ್ಡಕ್ಷರದಲ್ಲಿ ಬರೆದುಕೊಂಡು ಹೋಗಿ, ನೋಡಿ ಬರೆಯಲು ಕೊಡಿ. ಬಾಯಲ್ಲಿ ಹೇಳಿದ ಹೆಸರು ತಪ್ಪಾಗುತ್ತದೆ. ಜಾತಿಯ ಕಾಲಂ ಪ್ರಮಾಣಪತ್ರದಲ್ಲಿ ಇದ್ದಂತೆಯೇ ಇರಲಿ. ಸಹಿ ಹಾಕುವ ಮುನ್ನ ಜನ್ಮದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಓದಿ. ಹೆಸರಿನ ಅಕ್ಷರದೋಷ ಹೇಗೋ ಸರಿಯಾದೀತು, ದಿನಾಂಕ ತಿದ್ದಿಸಲು ಕೋರ್ಟಿಗೆ ಅಲೆಯಬೇಕಾದೀತು.

ಬೇರೆ ಶಾಲೆಯಿಂದ ಬರುವ ಮಗುವಾದರೆ ಟಿಸಿ ಕೈಗೆ ಬಂದರೆ ಸಾಲದು. ಹಳೆಯ ಶಾಲೆಯವರು ಸ್ಯಾಟ್ಸ್‌ನಲ್ಲೂ (ವಿದ್ಯಾರ್ಥಿಗಳ ದಾಖಲೆ ಇಡುವ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಮಗುವನ್ನು ಬಿಡುಗಡೆ ಮಾಡಬೇಕು, ಇಲ್ಲದಿದ್ದರೆ ಹೊಸ ಶಾಲೆಗೆ ಹೆಸರು ಎಳೆದುಕೊಳ್ಳಲು ಬರುವುದಿಲ್ಲ. ಫೀಸು ಬಾಕಿ ಎಂದು ಸತಾಯಿಸಿದರೆ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ, ಅದರ ಪ್ರತಿಯೊಂದಿಗೆ ಬಿಇಒ ಬಳಿ ಹೋಗಿ. ಟಿಸಿ ತಡವಾಯಿತೆಂದು ಒಂದರಿಂದ ಎಂಟನೇ ತರಗತಿಯ ಮಗುವನ್ನು ಹೊಸ ಶಾಲೆ ಹೊರಗೆ ನಿಲ್ಲಿಸುವಂತಿಲ್ಲ.

ಸೇರಿಸಿ ಒಂದು ತಿಂಗಳಾದ ಮೇಲೆ ಶಾಲೆಗೆ ಹೋಗಿ ಮಗುವಿನ ಸ್ಯಾಟ್ಸ್ ಸಂಖ್ಯೆ ಬರೆದುಕೊಂಡು ಬನ್ನಿ. ಪರದೆಯ ಮೇಲಿನ ಹೆಸರು, ನಿಮ್ಮ ಹಾಳೆಯ ಹೆಸರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ತಪ್ಪಿದ್ದರೆ ಅಂದೇ ಅರ್ಜಿ ಬರೆದು ಕೊಡಿ.